ಒಗೆಯದ ಅಂಗಿ

ನನ್ನ ತಮ್ಮ ಸತ್ತ ದಿನ ಅವ್ವ ಅಳಲಿಲ್ಲ. ಅವನ ಬಟ್ಟೆ ಒಗೆದಳು. ಮೊಳೆಗೆ ನೇತುಹಾಕಿದ್ದ ಅಂಗಿ, ಮಂಚದಡಿ ಬಿದ್ದಿದ್ದ ಪ್ಯಾಂಟು, ದಿಂಬಿನ ಚೀಲ, ಕೊನೆಗೆ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಶುಭ್ರ ಬಟ್ಟೆಯನ್ನೂ ಬಿಡಲಿಲ್ಲ. ನಮ್ಮದು ಒಂದೇ ಕೋಣೆಯ ಮನೆ. ನಲ್ಲಿ ಇರುವುದು ಓಣಿಯ ಆ ಕೊನೆಗೆ. ಹನ್ನೊಂದು ಸಲ ಬಕೆಟ್ ಹೊತ್ತಳು.

"ಸಾಕು ಬಿಡವ್ವಾ" ಅಂದೆ.

"ಕೊಳೆ ಬಟ್ಟೆ ನೋಡಿ ನನ್ನ ಮಗನನ್ನ ಯಾರೂ ಆಡ್ಕೋಬಾರ್ದು" ಅಂದಳು.

ಅದರಿಂದಲೇ ಮುಂದೆ ನಮ್ಮ ಕುತ್ತಿಗೆಗೆ ಬರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ನಾನು ಮೃಗಾಲಯದ ಅಡುಗೆಮನೆಯಲ್ಲಿ ಪ್ರಾಣಿಗಳಿಗೆ ಹಣ್ಣು ತರಕಾರಿ ಹೆಚ್ಚುವವಳು. ಹದಿನೇಳು ವರ್ಷವಾಯಿತು. ತಮ್ಮ ಕರಡಿಯನ್ನು ನೋಡಿಕೊಳ್ಳುತ್ತಿದ್ದ. ಊರಿಗೆಲ್ಲ ಅದು 'ಮುದ್ದಿ'. ಬಸ್ಸಿನ ಮೇಲೆ ಅದರ ಚಿತ್ರ, ಶಾಲೆ ಮಕ್ಕಳ ಚೀಲದ ಮೇಲೆ ಅದರ ಚಿತ್ರ. ಬೋನು ತೊಳೆಯುವವರು, ಲದ್ದಿ ಹೊರುವವರು, ಮಾಂಸ ಕಡಿಯುವವರು ಎಲ್ಲ ನಮ್ಮ ಹಾಗೆ ಕಪ್ಪು ಬಣ್ಣದವರೇ. ಟಿಕೆಟ್ ಕೊಡುವ ಕಿಟಕಿಯಲ್ಲಿ ಮಾತ್ರ ನಮ್ಮವರೊಬ್ಬರೂ ಇಲ್ಲ. ಒಳಗಿರುವಷ್ಟು ಹೊತ್ತು ನಾವು ಕೆಲಸದವರು, ಗೇಟು ದಾಟಿದರೆ ಕಳ್ಳರು.

ತಮ್ಮನಿಗೆ ಅವತ್ತು ರಜ. ಆದರೂ ಕರಡಿಗೆ ಕೆಮ್ಮು ಎಂದು ಜೇನುತುಪ್ಪದ ಬಾಟಲಿ ಹಿಡಿದು ಹೊರಟ. ಗೇಟಿನಲ್ಲಿ ಇಬ್ಬರು ಪೊಲೀಸರು ತಡೆದರು. "ನಿನ್ನಂಥವನಿಗೆ ಒಳಗೇನೋ ಕೆಲಸ?" ಎಂದರು. ಕಾರ್ಡು ತೋರಿಸಿದ. ಅದನ್ನೂ ಕದ್ದಿದ್ದಾನೆ ಎಂದು ಠಾಣೆಗೆ ಎಳೆದುಕೊಂಡು ಹೋದರು. ಸಂಜೆಗೆ ಹೆಣ ಕೊಟ್ಟರು. ಮೆಟ್ಟಿಲಿಂದ ಬಿದ್ದನಂತೆ. ಆ ಠಾಣೆ ಇರುವುದು ನೆಲಮಟ್ಟದಲ್ಲಿ. ಅಲ್ಲಿರುವುದು ಒಂದೇ ಮೆಟ್ಟಿಲು, ಹೊಸ್ತಿಲು ಸೇರಿಸಿದರೆ ಎರಡು.

ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಕಾಣೆಯಾದ ಬೆಕ್ಕೊಂದರ ಜಾಹೀರಾತಿನ ಕೆಳಗೆ. ಬೆಕ್ಕಿನ ಫೋಟೋ ಇತ್ತು.

ಆಸ್ಪತ್ರೆಯ ಹೆಣದ ಕೋಣೆ ಗುಡಿಸುವವಳು ನಮ್ಮ ಬಣ್ಣದವಳು. ಯಾರೂ ನೋಡದಂತೆ ನನ್ನ ಕೈಗೊಂದು ಕಾಗದದ ಚೀಲ ತುರುಕಿದಳು. ಒಳಗೆ ಅವನು ಅವತ್ತು ತೊಟ್ಟಿದ್ದ ಅಂಗಿ. ಬೆನ್ನ ಮೇಲೆ ಬೂಟಿನ ಗುರುತು, ಹಿಮ್ಮಡಿಯಿಂದ ತುದಿಯವರೆಗೆ ಪೂರ್ತಿ. ನಮ್ಮ ಓಣಿಯವರ ಕೇಸು ನಡೆಸುವ ವಕೀಲಮ್ಮನಿಗೆ ಫೋನ್ ಮಾಡಿದೆ.

"ಒಗೀಬೇಡಿ. ಯಾರ ಕೈಗೂ ಕೊಡ್ಬೇಡಿ" ಅಂದರು. "ನಾನು ಊರಲ್ಲಿಲ್ಲ, ಭಾನುವಾರ ಬರ್ತೀನಿ. ಸೋಮವಾರ ಅದನ್ನ ಜಡ್ಜ್ ಮುಂದೆ ಇಡೋಣ. ನಮ್ಮ ಹತ್ರ ಇರೋದು ಅದೊಂದೇ ನೋಡಿ."

ಅಂಗಿಯನ್ನು ಅವ್ವನ ಹಾಸಿಗೆಯೊಳಗಿಟ್ಟು ಹೊಲಿದೆ. ಅವ್ವನಿಗೆ ಬಿಟ್ಟರೆ ಬೇರೆ ನರಪಿಳ್ಳೆಗೂ ಹೇಳಲಿಲ್ಲ.

ಇತ್ತ ಕರಡಿ ತಿನ್ನುವುದನ್ನು ಬಿಟ್ಟಿತು. ನಾನು ಹೆಚ್ಚಿ ಕಳಿಸಿದ ಹಣ್ಣೆಲ್ಲ ಹಾಗೇ ವಾಪಸು ಬರುತ್ತಿತ್ತು. ನಮ್ಮಲ್ಲೊಂದು ರೂಢಿ ಇದೆ. ನೋಡಿಕೊಳ್ಳುವವನು ನಾಲ್ಕು ದಿನ ರಜ ಹೋಗುವುದಾದರೆ ತಾನು ತೊಟ್ಟ ಬೆವರಂಗಿಯನ್ನು ಬೋನಿನ ಬಾಗಿಲಿಗೆ ನೇತುಹಾಕಿ ಹೋಗಬೇಕು. ಪ್ರಾಣಿ ಅದನ್ನು ಮೂಸಿ, ಇವನು ಇಲ್ಲೇ ಇದ್ದಾನೆ ಎಂದುಕೊಂಡು ತಿನ್ನುತ್ತದೆ. ತಮ್ಮ ಈ ಸಲ ಹೇಳದೆ ಹೋಗಿದ್ದ. ಮನೆಯಲ್ಲಿದ್ದ ಬಟ್ಟೆಗೆಲ್ಲ ಅವ್ವ ಸೋಪು ಹಾಕಿಬಿಟ್ಟಿದ್ದಳು.

ಗುರುವಾರ ನಿರ್ದೇಶಕರೇ ನಮ್ಮ ಓಣಿಗೆ ಬಂದರು. ಹದಿನೇಳು ವರ್ಷದಲ್ಲಿ ನನ್ನ ಮುಖ ನೋಡಿ ಮಾತಾಡದ ಮನುಷ್ಯ "ಹೇಗಿದ್ದೀಯಮ್ಮಾ?" ಎಂದರು. ನನಗೆ ಆಗಲೇ ಅನುಮಾನ ಬಂತು. ಜೊತೆಗೆ ದಪ್ಪ ಕುತ್ತಿಗೆಯವನೊಬ್ಬನಿದ್ದ.

"ಇವರು ಪ್ರಾಣಿ ಡಾಕ್ಟರ ಸಹಾಯಕರು" ಎಂದರು ನಿರ್ದೇಶಕರು. "ಮುದ್ದಿ ಸಾಯೋ ಹಾಗಿದೆ. ನಿನ್ನ ತಮ್ಮನ ಒಂದು ಅಂಗಿ ಬೇಕಿತ್ತು."

"ಎಲ್ಲಾ ಒಗೆದಾಯ್ತು ಸಾರ್."

"ಅವತ್ತು ಹಾಕ್ಕೊಂಡಿದ್ದ ಅಂಗಿ?" ಎಂದ ದಪ್ಪ ಕುತ್ತಿಗೆಯವನು.

ನಾನು ಅವನನ್ನೇ ದಿಟ್ಟಿಸಿದೆ. ಪ್ರಾಣಿಗಳ ಜೊತೆ ದುಡಿಯುವವರ ಮೈಗೆ ಎಷ್ಟು ತಿಕ್ಕಿದರೂ ಹೋಗದ ಒಂದು ವಾಸನೆ ಇರುತ್ತದೆ. ಇವನ ಮೈಯಿಂದ ಬರುತ್ತಿದ್ದುದು ಬರೀ ಸೋಪಿನ ಘಮ. ಹೆಣದ ಕೋಣೆಯಿಂದ ಅಂಗಿ ಕಾಣೆಯಾಗಿದೆ ಎಂದು ಪ್ರಾಣಿ ಡಾಕ್ಟರಿಗೆ ಹೇಳಿದವರು ಯಾರು?

"ಅದು ಠಾಣೇಲೇ ಇರ್ಬೇಕಲ್ಲ ಸಾರ್" ಅಂದೆ, ಏನೂ ಅರಿಯದವಳ ಹಾಗೆ. "ನೀವೇ ಒಂದು ಮಾತು ಕೇಳಿ ನೋಡಿ."

ಅವನು ಕೋಣೆಯೊಳಗೆ ಒಂದು ಸಲ ಕಣ್ಣಾಡಿಸಿದ. ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ.

ಶುಕ್ರವಾರದ ಪತ್ರಿಕೆಯ ಮುಖಪುಟ ತುಂಬ ಕರಡಿ. 'ಒಂದು ಅಂಗಿಗಾಗಿ ಸಾಯುತ್ತಿದೆ ಮುದ್ದಿ! ಕಲ್ಲು ಮನಸ್ಸಿನ ಅಕ್ಕ!' ಮಧ್ಯಾಹ್ನದ ಹೊತ್ತಿಗೆ ನಮ್ಮ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಫಲಕಗಳು, ಹಾಡು, ಕಣ್ಣೀರು. ನಮ್ಮ ಓಣಿಗೆ ಅಷ್ಟು ಬಿಳಿ ಮುಖಗಳು ಎಂದೂ ಬಂದದ್ದಿಲ್ಲ. ಒಬ್ಬ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಪಾಪ, ಮೂಕಪ್ರಾಣಿ ಕಣಮ್ಮಾ! ನಿನಗೆ ಕರುಳಿಲ್ವಾ?"

"ನನ್ನ ತಮ್ಮ ಮೂಕ ಅಲ್ಲ ತಾಯಿ" ಅಂದೆ. "ಬಾಯಿ ಬಿಟ್ಟು ಕೂಗಿದ್ದ. ಆವಾಗ ನೀವೆಲ್ಲಿದ್ರಿ?"

ಅವಳು ನನ್ನ ಕೈ ಬಿಟ್ಟು ತನ್ನ ಕೈ ಒರೆಸಿಕೊಂಡಳು. ಹಿಂದಿನಿಂದ ಯಾರೋ "ಇವರ ಜಾತಿನೇ ಇಷ್ಟು" ಎಂದರು. ನನ್ನ ಮೈ ಉರಿದುಹೋಯಿತು. ಬಾಗಿಲು ಹಾಕಿಕೊಂಡೆ.

ಒಳಗೆ ಅವ್ವ ಬೇರೆಯೇ ರಾಗ ತೆಗೆದಳು. "ಆ ಕರಡಿ ಏನು ತಪ್ಪು ಮಾಡಿದೆಯೇ? ಅವನಿದ್ದಿದ್ರೆ ಉಪವಾಸ ಕೆಡವ್ತಿದ್ನಾ?"

"ಅಂಗಿ ಕೊಟ್ರೆ ಅದು ಬೋನಿಗೆ ಹೋಗಲ್ಲವ್ವಾ. ಸೀದಾ ಒಲೆಗೆ ಹೋಗುತ್ತೆ."

"ಹಾಗಾದ್ರೆ ಕೊಡಬೇಡ. ನೀನೇ ತಗೊಂಡು ಹೋಗಿ ಮೂಸಿಸ್ಕೊಂಡು ಬಾ. ಅಷ್ಟು ಜನರ ಮುಂದೆ ಯಾವನು ಕಿತ್ಕೋತಾನೆ ನೋಡೋಣ."

ಎಪ್ಪತ್ತು ವರ್ಷದ ಅವ್ವನ ತಲೆ! ನನಗೆ ಹೊಳೆದಿರಲೇ ಇಲ್ಲ. ಕ್ಯಾಮೆರಾಗಳಿಗೆ ಪೊಲೀಸರು ಹೆದರುವಷ್ಟು ದೇವರಿಗೂ ಹೆದರುವುದಿಲ್ಲ.

ಭಾನುವಾರ ಮಧ್ಯಾಹ್ನ ಹಾಸಿಗೆಯ ಹೊಲಿಗೆ ಬಿಚ್ಚಿದೆ. ಅಂಗಿ ತರುತ್ತೇನೆಂದು ಪತ್ರಿಕೆಯವರಿಗೂ ವಕೀಲಮ್ಮನಿಗೂ ಮೊದಲೇ ಹೇಳಿದ್ದೆ; ಊರಿಗೆ ಊರೇ ಕ್ಯಾಮೆರಾ ಸಮೇತ ಬೋನಿನ ಮುಂದೆ ನೆರೆದಿತ್ತು. ವಕೀಲಮ್ಮ ರೈಲಿಳಿದು ನೇರ ಅಲ್ಲಿಗೇ ಬಂದು ನನ್ನ ಪಕ್ಕ ನಿಂತರು. ನಾನು ಅಂಗಿಯನ್ನು ಮೊದಲು ಜನರ ಕಡೆಗೆ ತಿರುಗಿಸಿ ಹಿಡಿದೆ.

"ನೋಡ್ಕೊಳ್ಳಿ! ಇದು ನನ್ನ ತಮ್ಮನ ಬೆನ್ನು. ಇದು ಠಾಣೆಯ ಮೆಟ್ಟಿಲು. ಬೂಟು ಹಾಕ್ಕೊಳ್ಳೋ ಮೆಟ್ಟಿಲು!"

ನಾನು ತಿರುಗಿ, ಅಂಗಿಯ ಎರಡೂ ತೋಳನ್ನು ಬಿಗಿಯಾಗಿ ಹಿಡಿದು ಸರಳಿಗೆ ಒತ್ತಿದೆ. ಕರಡಿ ಎದ್ದು ಬಂತು. ಮೂಸಿತು. ಬೂಟಿನ ಗುರುತು ಬಂದಲ್ಲಿ ಮೂತಿ ಹಿಂದಕ್ಕೆಳೆದು, ಮತ್ತೆ ಕತ್ತುಪಟ್ಟಿಯ ಹತ್ತಿರ ಮೂಸಿ ಸಣ್ಣಗೆ ನರಳಿತು. ನನ್ನಿಂದ ತಡೆಯಲಾಗಲಿಲ್ಲ, ಅವನು ಸತ್ತ ಮೇಲೆ ಮೊದಲ ಸಲ ಗೊಳೋ ಎಂದು ಅತ್ತೆ. ಅಳುತ್ತಲೇ ಸೇಬಿನ ಹೋಳು ಒಳಗೆ ನೀಡಿದೆ. ಕರಡಿ ತಿಂದಿತು.

ಚಪ್ಪಾಳೆಯೋ ಚಪ್ಪಾಳೆ! ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಸೋಪಿನ ಘಮದವನು ಪಕ್ಕಕ್ಕೆ ಬಂದು ಕೈ ಚಾಚಿದ. "ಕೊಡಿ, ಒಳಗೆ ನೇತುಹಾಕ್ತೀನಿ."

"ಅದಕ್ಕೆ ಹೊಟ್ಟೆ ತುಂಬಿತು ಸಾರ್" ಎಂದು ಅಂಗಿಯನ್ನು ವಕೀಲಮ್ಮನ ಚೀಲಕ್ಕೆ ಹಾಕಿದೆ. ಅವನು ಕ್ಯಾಮೆರಾಗಳ ಕಡೆ ನೋಡಿ ಕೈ ಜೇಬಿಗೆ ಇಳಿಸಿದ.

ಸೋಮವಾರ ಅಂಗಿ ಜಡ್ಜರ ಮೇಜಿಗೆ ಹೋಯಿತು. ಅಂದಿನ ಪತ್ರಿಕೆಯ ಮುಖಪುಟದಲ್ಲಿ 'ಬದುಕಿದಳು ಮುದ್ದಿ!' ಕರಡಿಯ ಮೂತಿ ಇತ್ತು, ನನ್ನ ಕೈ ಇತ್ತು, ಅಂಗಿಯ ಕತ್ತುಪಟ್ಟಿಯೂ ಇತ್ತು. ಬೂಟಿನ ಗುರುತು ಶುರುವಾಗುವ ಜಾಗಕ್ಕೆ ಸರಿಯಾಗಿ ಚಿತ್ರ ಕತ್ತರಿಸಿದ್ದರು.

ಆ ಪತ್ರಿಕೆಯನ್ನು ಮೃಗಾಲಯದ ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಬೋನು ತೊಳೆಯುವ ಗೊಣಗಣ್ಣ ಬಹಳ ಹೊತ್ತು ನೋಡಿದ. ಅವನ ಬಾಯಿಂದ ಗೊಣಗಾಟ ಬಿಟ್ಟು ಬೇರೆ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಅವನು ಸುಮ್ಮನೆ ಅಂಗಿ ಕಳಚಿ ನೆಲದ ಮೇಲೆ ಹಾಸಿದ. ಒಲೆಯ ಮಸಿಗೆ ನೀರು ಕಲಸಿ ತನ್ನ ಗಂಬೂಟಿನ ಅಡಿಗೆ ಬಳಿದು, ಬೆನ್ನಿನ ಭಾಗದ ಮೇಲೆ ಒತ್ತಿ ನಿಂತ.

"ಕತ್ತರಿಸ್ಲಿ ನೋಡೋಣ" ಎಂದ. "ಎಷ್ಟು ಅಂತ ಕತ್ತರಿಸ್ತಾರೆ?"

ಮಂಗಳವಾರ ಬೆಳಿಗ್ಗೆ ಗೇಟು ತೆರೆಯಿತು. ಮುದ್ದಿಯನ್ನು ನೋಡಲು ಜನಜಂಗುಳಿ. ನಲವತ್ತೊಂದು ಜನ ಕೆಲಸದವರು ಕಸ ಗುಡಿಸುತ್ತಿದ್ದೆವು, ಲದ್ದಿ ಹೊರುತ್ತಿದ್ದೆವು, ಎಲ್ಲರ ಬೆನ್ನ ಮೇಲೂ ಒಂದೊಂದು ಬೂಟು. ನಿರ್ದೇಶಕರು ಏದುಸಿರು ಬಿಡುತ್ತ ಓಡಿಬಂದರು.

"ಏನಿದು ಅಸಹ್ಯ! ಹೋಗಿ ಒಗೆದುಕೊಂಡು ಬನ್ನಿ ಎಲ್ಲರೂ!"

"ಒಗೆಯಲ್ಲ ಸಾರ್" ಅಂದೆ.

ಹಣ್ಣಿನ ಬುಟ್ಟಿ ಎತ್ತಿಕೊಂಡು ಬೋನಿನ ಮುಂದೆ ಹೋಗಿ, ಜನರಿಗೆ ಬೆನ್ನು ಮಾಡಿ ನಿಂತೆ. ಕರಡಿಯನ್ನು ನೋಡಬೇಕಾದವರು ನನ್ನ ಬೆನ್ನನ್ನೂ ನೋಡಲೇಬೇಕಿತ್ತು.