ಮೂಗಿನ ಮೇಸ್ತ್ರಿಯ ಪಂದ್ಯ

ಇದು ನಡೆದದ್ದೇ. ಅನುಮಾನವಿದ್ದವರು ಆ ಮನೆಯ ಹಿಂಬಾಗಿಲು ತೆರೆದು ಹಿತ್ತಲಿನ ಹಲಗೆ ಜಗಲಿ, ಅಂದರೆ ಡೆಕ್ಕಿನ ಮೇಲೆ ನಾಲ್ಕು ಹೆಜ್ಜೆ ಹಾಕಿ ಬರಲಿ.

ಆ ಡೆಕ್ಕನ್ನು ತೇಗದಲ್ಲಿ ಮಾಡಬೇಕೋ, ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಅಚ್ಚೊತ್ತಿದ ಕಾಂಪೊಸಿಟ್ ಹಲಗೆಯಲ್ಲೋ ಎಂದು ಮಾವನಿಗೂ ಅಳಿಯನಿಗೂ ತಿಂಗಳಿನಿಂದ ಜಟಾಪಟಿ. ಮಾವ ನಲವತ್ತು ವರ್ಷ ಬಡಗಿಯಾಗಿದ್ದವರು. ಕೆಲಸ ಬಿಡಿಸಿ ಮಗಳು ಮನೆಗೆ ಕರೆತಂದು ಎರಡು ವರ್ಷ. ಅಂದಿನಿಂದ ಉಳಿ, ಗರಗಸ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ. ತೇಗವಾದರೆ ಪೆಟ್ಟಿಗೆ ತೆರೆಯುತ್ತದೆ. ಕಾಂಪೊಸಿಟ್ ಆದರೆ ಕಂಪನಿಯವರೇ ಬಂದು ಎರಡು ದಿನದಲ್ಲಿ ಜೋಡಿಸುತ್ತಾರೆ, ಮಾವ ಕುರ್ಚಿಯಲ್ಲಿ ಕೂತು ನೋಡಬೇಕು.

"ಗೆದ್ದಲು ಹಿಡಿಯಲ್ಲ, ವರ್ಷಾವರ್ಷ ಎಣ್ಣೆ ಬಳಿಯೋ ಗೋಜಿಲ್ಲ ಮಾವ," ಅಂದ ಅಳಿಯ.

"ಬಿಸಿಲಿಗೆ ಕಾದ್ರೆ ಅಂಗಾಲು ಚುರ್ ಅನ್ನತ್ತೆ. ಸತ್ತ ಹಲಗೆ ಅದು."

"ಕಣ್ಣು ಮುಚ್ಚಿದ್ರೆ ನಿಮಗೂ ವ್ಯತ್ಯಾಸ ಗೊತ್ತಾಗಲ್ಲ ಬಿಡಿ."

ಅದು ನಾಟಿತು. ಮರದಂಗಡಿಗಳಲ್ಲಿ ಮಾವನಿಗೆ 'ಮೂಗಿನ ಮೇಸ್ತ್ರಿ' ಎಂದೇ ಹೆಸರು. ಹಲಗೆಯ ಕೊಯ್ದ ತುದಿಗೆ ಮೂಗಿಟ್ಟು ಮರ ಯಾವುದೆಂದು ಹೇಳುತ್ತಿದ್ದರು. ಕಾಡುಮರಕ್ಕೆ ಬಣ್ಣ ಹಚ್ಚಿ ತೇಗವೆಂದು ತಂದವರು ಇವರನ್ನು ಕಂಡರೆ ಲಾರಿ ತಿರುಗಿಸುತ್ತಿದ್ದರಂತೆ. "ಕೈ ಬೇಡ, ಮೂಗು ಸಾಕು" ಎಂಬುದು ಅವರ ಪಲ್ಲವಿ. ಬಂದವರೆದುರೆಲ್ಲ ಅಳಿಯ ಅದನ್ನು ಅಣಕಿಸಿ ತೋರಿಸುತ್ತಿದ್ದ: ಮೂಗು ಅರಳಿಸಿ, ಗಂಟಲು ಕೆರೆದು, "ಹ್ಞಾಂ, ಇದಕ್ಕೆ ನಮ್ಮ ತಾತನ ವಯಸ್ಸು."

"ಹಾಗಾದ್ರೆ ಪಂದ್ಯ," ಅಂದ ಈಗ. "ಎರಡು ತುಂಡು ನಿಮ್ಮ ಮೂಗಿಗೆ ಹಿಡೀತೀನಿ. ಮುಟ್ಟೋ ಹಾಗಿಲ್ಲ. ಸರಿಯಾಗಿ ಹೇಳಿದ್ರೆ ತೇಗ, ನೀವೇ ಮಾಡಿ. ತಪ್ಪಿದ್ರೆ ನನ್ನ ಮಾತು ನಡೀಬೇಕು."

ಮಗಳು ಅಪ್ಪನ ಕಣ್ಣಿಗೆ ಟವೆಲ್ ಕಟ್ಟಿದಳು. "ನೀನೇ ಗೆಲ್ತೀಯ ಬಿಡಪ್ಪ," ಎಂದು ಕಿವಿಯಲ್ಲಿ ಉಸುರಿದಳು.

ಅವಳಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಕಳೆದ ವರ್ಷ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತ್ತು. ಒಲೆಯ ಮೇಲೆ ಹಾಲು ಸೀದರೂ ಮೇಸ್ತ್ರಿಗೆ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಮೂಗೂ ಹೋಯಿತೆಂದರೆ ಉಳಿಯುವುದು ಬರೀ ಮುದುಕ.

ಅಳಿಯ ಮೊದಲ ತುಂಡು ಹಿಡಿದ. ಏನೂ ಇಲ್ಲ. ಎರಡನೆಯದು. ಅಲ್ಲೂ ಏನೂ ಇಲ್ಲ. 'ಎರಡರಲ್ಲೂ ವಾಸನೆ ಬರ್ತಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೇಸ್ತ್ರಿ ನುಂಗಿಕೊಂಡರು. ಮೂಗು ಅರಳಿಸಿದರು, ಗಂಟಲು ಕೆರೆದರು, ಥೇಟ್ ಅಳಿಯ ಅಣಕಿಸುವ ಹಾಗೆ.

"ಎರಡನೇದು ತೇಗ. ಚೆನ್ನಾಗಿ ಒಣಗಿದೆ."

ಅಳಿಯ ನೆಲಕ್ಕೆ ಕುಸಿದು ನಕ್ಕ. ಮಗಳಿಗೂ ತಡೆಯಲಾಗಲಿಲ್ಲ. ಟವೆಲ್ ಬಿಚ್ಚಿದರೆ, ಎದುರಿಗೆ ಒಂದೇ ಹಲಗೆಯಿಂದ ಕೊಯ್ದ ಎರಡು ತುಂಡು. ಎರಡೂ ಕಾಂಪೊಸಿಟ್.

"ತಮಾಷೆಗೆ ಮಾವ. ಎರಡೂ ಮರ ಅಲ್ಲ ಅಂದಿದ್ರೆ ನೀವೇ ಗೆದ್ದಿರ್ತಿದ್ರಿ. ನಾಳೆನೇ ತೇಗ ತರ್ತಿದ್ದೆ."

ಮೇಸ್ತ್ರಿ ಎರಡೂ ತುಂಡುಗಳನ್ನು ಮತ್ತೊಮ್ಮೆ ಮೂಗಿಗೆ ಹಿಡಿದರು. ಅದೇ ಖಾಲಿ. ಸತ್ತ ಮೂಗು ನಿಜವನ್ನೇ ಹೇಳಿತ್ತು. ಸುಳ್ಳು ಹೇಳಿದ್ದು ಬಾಯಿ.

ಅವರು ನಗತೊಡಗಿದರು. ಮೊದಲು ಅಳಿಯನ ನಗು ನಿಂತಿತು, ಆಮೇಲೆ ಮಗಳದು. ಪಕ್ಕದ ಮನೆಯವರು ಕಿಟಕಿ ತೆರೆದು ಇಣುಕಿದರು. ಮೇಸ್ತ್ರಿ ಇನ್ನೂ ನಗುತ್ತಲೇ ಇದ್ದರು.