ಕರಡಿಮರಿಗೆ ಹೇಳಿದ್ದು, ಧನುಗೆ ಹೇಳದ್ದು

ಬೋರಲಿಂಗಯ್ಯ ಟೀವಿಯ ವೈರನ್ನು ಗೋಡೆಯಿಂದ ಕಿತ್ತೆಳೆದ. ಪರದೆಯ ಮೇಲೆ ಅಳುತ್ತಿದ್ದ ಕರಡಿಮರಿ ಅಳು ಮುಗಿಯುವ ಮೊದಲೇ ಮಾಯವಾಯಿತು.

"ಎಂಥಾ ದರಿದ್ರ ಕಾರ್ಟೂನಪ್ಪಾ ಇದು! ಮಕ್ಕಳಿಗೆ ಕುಣಿಯೋದು, ನಗ್ಸೋದು ತೋರ್ಸದ್ ಬುಟ್ಟು ಸಾವಂತೆ, ಸಂಕಟವಂತೆ!"

ನೆಲದ ಮೇಲೆ ಕುಳಿತಿದ್ದ ಆರು ವರ್ಷದ ಮೊಮ್ಮಗಳು ಧನುಶ್ರೀ ಎದ್ದು ಬಂದು ತಾತನ ಕೈಯನ್ನು ಕಚ್ಚಿದಳು. ಆಟಕ್ಕೆ ಕಚ್ಚಿದ್ದಲ್ಲ; ಹಲ್ಲಿನ ಗುರುತು ಮೂಡಿತು.

"ಜಾಂಬು ಅಳ್ತಿದ್ದ! ನಾನ್ ನೋಡ್ಬೇಕು! ಈ ಮನೇಲಿ ಯಾರೂ ಅಳಲ್ಲ. ಟೀವೀಲಾದ್ರೂ ಅಳ್ತಾರೆ!"

ಹೇಳಿ ಬೀದಿಗೆ ಓಡಿಹೋದಳು. ಬೋರಲಿಂಗಯ್ಯ ಕಚ್ಚಿಸಿಕೊಂಡ ಕೈಯನ್ನು ಹಿಡಿದುಕೊಂಡು ನಿಂತ.

'ಜಾಂಬು' ಎಂಬುದು ಮಕ್ಕಳ ಚಾನೆಲ್ಲಿನಲ್ಲಿ ಬರುವ ಒಂದು ಕರಡಿಮರಿಯ ಕಥೆ. ಆ ದಿನದ ಕಂತಿನಲ್ಲಿ ಅದರ ಗೆಳೆಯನಾದ ಮುದಿ ಮುಳ್ಳುಹಂದಿ ಸತ್ತುಹೋಗುತ್ತದೆ. ಮರಿಗೆ ಅದು ತಿಳಿಯದು. ದಿನವೂ ಬಿಲದ ಬಾಯಿಗೆ ಜೇನುತಟ್ಟಿಯ ಚೂರು ಇಟ್ಟು ಕಾಯುತ್ತದೆ. ಕಡೆಗೆ ತಾಯಿಕರಡಿ ಬಂದು ಪಕ್ಕದಲ್ಲಿ ಕುಳಿತು, ಏನನ್ನೂ ಮುಚ್ಚಿಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಚಾನೆಲ್ಲಿನವರು ಆ ಕಂತನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಧನು ಮತ್ತೆ ಮತ್ತೆ ನೋಡುತ್ತಿದ್ದಳು. ಮಿಕ್ಕ ಯಾವ ಕಂತೂ ಅವಳಿಗೆ ಬೇಡವಾಗಿತ್ತು.

ಏಕೆ ಬೇಡವಾಗಿತ್ತೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವವರು ಇರಲಿಲ್ಲ.

ಬೋರಲಿಂಗಯ್ಯನ ಒಬ್ಬನೇ ಮಗ ಮನೋಹರ್ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಬೇಸಿಗೆಯ ಒಂದು ಬೆಳಿಗ್ಗೆ ಶಿಫ್ಟಿಗೆ ಹೋದವನು ಎದೆನೋವೆಂದು ಕುಸಿದು, ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡ. ಹೆಣ ಊರಿಗೆ ಬರುವ ಮೊದಲೇ ಮಗುವನ್ನು ಕನಕಪುರದ ಸೋದರತ್ತೆಯ ಮನೆಗೆ ಸಾಗಿಸಿದರು. ತಿಥಿಯೆಲ್ಲ ಮುಗಿದ ಮೇಲೆ ಕರೆತಂದರು. ಗೋಡೆಯ ಮೇಲಿದ್ದ ಮನೋಹರನ ಫೋಟೋ ಅಷ್ಟರಲ್ಲಿ ಅಟ್ಟ ಸೇರಿತ್ತು. "ಅಪ್ಪ ಎಲ್ಲಿ?" ಎಂದು ಮಗು ಕೇಳಿದಾಗ ಬೋರಲಿಂಗಯ್ಯನೇ ಮುಂದೆ ಬಂದು, "ಡ್ಯೂಟಿ ಮ್ಯಾಲವ್ನೆ ಮಗಾ, ಬತ್ತಾನೆ," ಎಂದಿದ್ದ. ಮಗನನ್ನು ಮಣ್ಣು ಮಾಡಿದ ಹೊಲದ ಕಡೆಗೆ ಅವಳು ಹೆಜ್ಜೆ ಇಟ್ಟರೆ, "ಅಲ್ಲಿ ಹಾವೈತೆ," ಎಂದು ಹೆದರಿಸುತ್ತಿದ್ದ. ಸೊಸೆ ಲತಾಮಣಿಗೆ ಮಗುವಿನ ಮುಂದೆ ಕಣ್ಣೀರು ಹಾಕಬಾರದೆಂದು ಅಪ್ಪಣೆಯಾಗಿತ್ತು. ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಒತ್ತಿ, ತಂಬಿಗೆಗೆ ಬೀಳುವ ಹಾಲಿನ ಸದ್ದಿನಲ್ಲಿ ಅವಳು ಅಷ್ಟಿಷ್ಟು ಅತ್ತುಕೊಳ್ಳುತ್ತಿದ್ದಳು.

ಆ ಸಂಜೆ ಅವಳೂ ತಾಳ್ಮೆ ಕಳೆದುಕೊಂಡಳು.

"ಮಾವ, ಆ ಕರಡಿಗಿರೋ ಧೈರ್ಯ ನಮಗಿಲ್ಲ. ಅದಕ್ಕೇ ಅಲ್ವಾ ನಿಮಗೆ ಅದರ ಮೇಲೆ ಸಿಟ್ಟು?"

"ಬಾಯ್ಮುಚ್ಚವ್ವ. ಅಷ್ಟು ಎಳೇ ಮಗೀಗೆ ಏನ್ ಹೇಳೀಯೆ? ದೊಡ್ಡೋಳಾದ್ಮೇಲೆ ತಾನೇ ತಿಳ್ಕತಾಳೆ."

"ಅಲ್ಲೀಗಂಟ ಏನ್ ಮಾಡ್ಲಿ? ಊಟ ಬುಟ್ಟವ್ಳೆ. ಹಾಸಿಗೇಲಿ ಉಚ್ಚೆ ಹುಯ್ಕತಾಳೆ. ಇಸ್ಕೂಲಲ್ಲಿ ಯಾರ ಜೊತೆಗೂ ಮಾತಿಲ್ಲ. ನೀವು ಹೇಳದಿದ್ರೆ ನಾನು ಹೇಳ್ತೀನಿ."

"ಹೇಳಿದ್ಯೋ, ನಾನೀ ಮನೇಲಿ ಇರಾಕಿಲ್ಲ ನೋಡು!"

ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡು ಅವನು ಹೊರಟೇಬಿಟ್ಟ. ರಸ್ತೆಯ ತಿರುವಿನಾಚೆ ಇದ್ದ ಆರೋಗ್ಯ ಉಪಕೇಂದ್ರದಲ್ಲಿ ಬೀಪಿ ಮಾತ್ರೆ ತೆಗೆದುಕೊಳ್ಳುವುದಿತ್ತು. ಅಲ್ಲಿ ಆಯಿಷಾ ಎಂಬ ನರ್ಸು. ರಾಮನಗರದವಳು, ಊರಿನವರ ಬೈಗುಳಕ್ಕೂ ನಗೆಗೂ ಹಳಬಳಾಗಿಬಿಟ್ಟಿದ್ದಳು.

ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ ಆಯಿಷಾ ಹುಬ್ಬೇರಿಸಿದಳು. "ಏನ್ ತಾತ, ಯಾರ ಮೇಲೆ ಇಷ್ಟೊಂದು ಕೋಪ? ನಮ್ಮ ಮಿಷಿನ್ನೇ ಹೆದರ್ಕೊಂಡೈತೆ."

"ಆ ಟೀವಿಯೋರ ಮೇಲೆ ಕಣಮ್ಮ. ನೀನು ಓದ್ದೋಳು, ಒಂದು ಕಂಪ್ಲೇಂಟ್ ಕೊಡ್ಸು. ಆ ಕರಡಿ ಕಾರ್ಟೂನು ನಿಂತೋಗ್ಬೇಕು."

"ಜಾಂಬುನಾ? ನಮ್ಮನೇಲೂ ನೋಡಿದ್ವಿ. ಮುಳ್ಳುಹಂದಿ ಸತ್ತಾಗ ನನ್ನ ಮಗ ಓವೈಸ್ ಅತ್ತ. ನಾನೂ ಅತ್ತೆ."

"ಮತ್ತೆ! ಮಕ್ಕಳನ್ನ ಅಳ್ಸೋದು ಒಂದು ಕಸುಬಾ?"

"ಅವರು ಅಳ್ಸಲಿಲ್ಲ ತಾತ. ಅಳಕ್ಕೆ ಬುಟ್ರು."

ಬೋರಲಿಂಗಯ್ಯ ತೋಳನ್ನು ಹಿಂದಕ್ಕೆಳೆದುಕೊಂಡ. ಆಯಿಷಾ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಅವಳ ದನಿಯಲ್ಲಿದ್ದ ನಗೆಯೂ ಅದರೊಂದಿಗೇ ಕೆಳಗಿಳಿಯಿತು.

"ಧನುಗೆ ಅವಳಪ್ಪ ಎಲ್ಲವ್ರೆ ಅಂತ ಹೇಳಿದ್ದೀರಿ?"

"ಡ್ಯೂಟಿ."

"ಎಂಥಾ ಕಂಪನಿ ತಾತ ಅದು? ಹಬ್ಬಕ್ಕೂ ರಜಾ ಕೊಡಲ್ವಾ? ಮಗಳಿಗೆ ಒಂದ್ಸಲ ಫೋನ್ ಮಾಡಕ್ಕೂ ಬುಡಲ್ವಾ? ಹಂಗಂತ ಆ ಮಗು ಕೇಳಲ್ವಾ? ನಿಮ್ಮನ್ನ ಕೇಳದಿದ್ರೆ ತನ್ನನ್ನ ತಾನು ಕೇಳ್ಕತ್ತದೆ. ಅಪ್ಪಂಗೆ ನಾನು ಬ್ಯಾಡ, ನಾನೇನೋ ತಪ್ಪು ಮಾಡ್ದೆ, ಅದಕ್ಕೇ ಬರ್ತಿಲ್ಲ ಅಂತ. ಈ ವಯಸ್ಸಿನ ಮಕ್ಕಳ ಲೆಕ್ಕ ಹಂಗೇ."

"ಹೇಳ್ಬುಟ್ರೆ ಹೆದ್ರಿ ಜ್ವರ ಬಂದ್ರೆ?"

"ಈಗ ಏನು ಸುಖವಾಗವ್ಳಾ? ನೋಡಿ ತಾತ, ಮಲಗವ್ರೆ ಅಂದ್ರೆ ಮಕ್ಕಳು ಮಲಗಕ್ಕೇ ಹೆದರ್ತವೆ. ಊರಿಗೆ ಹೋಗವ್ರೆ ಅಂದ್ರೆ ಬಾಗಿಲು ಕಾಯ್ತವೆ. ದೇವ್ರು ಕರ್ಕೊಂಡ ಅಂದ್ರೆ, ನಾಳೆ ಅಮ್ಮನ್ನೂ ಕರ್ಕೊಂಡಾನು ಅಂತ ಸೆರಗು ಬುಡಲ್ಲ. 'ಸತ್ತೋದ್ರು' ಅನ್ನಿ. ಕಷ್ಟದ ಮಾತೇ. ಆದ್ರೆ ನಿಜ ಅದೊಂದೇ. ಪಕ್ಕದಲ್ಲಿ ಕೂತ್ಕಳಿ, ಕೈ ಹಿಡ್ಕಳಿ, ಹೇಳಿ. ಅತ್ರೆ ಜೊತೇಲಿ ಅಳಿ."

"ಆ ಮಾತು ನನ್ನ ಬಾಯಲ್ಲಿ ಬರಾಕಿಲ್ಲ!" ಬೋರಲಿಂಗಯ್ಯ ಮೇಜಿಗೆ ಗುದ್ದಿದ. "ನನ್ ಮಗ ಕಣಮ್ಮ ಅವ್ನು! ನೀನು ಸಲೀಸಾಗಿ ಹೇಳ್ಬುಡ್ತೀಯ!"

ಮಾತ್ರೆಯನ್ನೂ ತೆಗೆದುಕೊಳ್ಳದೆ ಹೊರಬಿದ್ದ. ಅವನಿಗೆ ಕರಡಿಯ ಮೇಲೆ ಸಿಟ್ಟು, ನರ್ಸಿನ ಮೇಲೆ ಸಿಟ್ಟು, ಎದುರುತ್ತರ ಕೊಟ್ಟ ಸೊಸೆಯ ಮೇಲೆ ಸಿಟ್ಟು. ಮಗನನ್ನು ಒಡಲಲ್ಲಿಟ್ಟುಕೊಂಡ ಹೊಲ ಏನೂ ನಡೆದೇ ಇಲ್ಲವೆಂಬಂತೆ ಹಸಿರು ರಾಗಿಯನ್ನು ಎತ್ತಿ ಹಿಡಿದಿತ್ತು. ಅದರ ಮೇಲೂ ಸಿಟ್ಟು. ಇಷ್ಟು ದಿನ ಅವನು ಸಿಟ್ಟಿನ ಮೇಲೆಯೇ ಊರಿಕೊಂಡು ನಿಂತಿದ್ದ. ಅದನ್ನು ಕೈಬಿಟ್ಟರೆ ಬೀಳುತ್ತೇನೆಂಬುದು ಅವನಿಗೆ ಗೊತ್ತಿತ್ತು.

ಉಪಕೇಂದ್ರದ ಮುಂದೆಯೇ ಬಿಡದಿಯಿಂದ ಬಂದ ಕಂಪನಿ ಬಸ್ಸು ನಿಂತಿತು. ಮನೋಹರನ ಜೊತೆಗೆ ಕೆಲಸ ಮಾಡುತ್ತಿದ್ದ ಊರಿನ ಹುಡುಗರೆಲ್ಲ ಅಲ್ಲೇ ಇಳಿದು, ರಸ್ತೆ ಬಿಟ್ಟು ಹೊಲದ ಬದುವಿಗೆ ತಿರುಗಿದರು. ಕೊನೆಗೆ ಇಳಿದವನು ಅನಂತರಾಜು, ಮನೋಹರನ ಜೀವದ ಗೆಳೆಯ. ಬಸ್ಸು ಮುಂದೆ ಹೊರಟಿತು.

"ಏನ್ಲಾ ಅನಂತ, ಊರ ಬಾಗ್ಲಲ್ಲಿ ನಿಲ್ಲೋ ಬಸ್ಸನ್ನ ಬುಟ್ಟು ಇಲ್ಲಿಳಿದು ಬದು ಯಾಕ್ಲಾ ತುಳೀತೀಯ?"

"ಒಸಿ ವಾಕಿಂಗು ದೊಡ್ಡಪ್ಪ."

"ದಿನಾ ನಿಂತ್ಕಂಡು ದುಡಿಯೋನಿಗೆ ವಾಕಿಂಗಾ? ಯಾರಿಗ್ಲಾ ಹೇಳ್ತೀಯ?"

ಅನಂತರಾಜುವಿನ ಮುಖ ಕೆಂಪಾಯಿತು. "ನಿನ್ ಮೊಮ್ಮಗಳ ಮೊಕ ನೋಡಕ್ಕಾಗದೆ ಇಲ್ಲಿಳೀತೀವಿ ಕಣ್ ದೊಡ್ಡಪ್ಪ! ಬಸ್ಸಿನ ಬಾಗ್ಲು ತಗುದ್ರೆ ಅಲ್ಲೇ ನಿಂತಿರ್ತಾಳೆ. 'ಅನಂತು ಚಿಕ್ಕಪ್ಪ, ಅಪ್ಪ ಯಾಕಿಳೀಲಿಲ್ಲ?' ಓಟಿ ಅಂದೆ. ನೈಟ್ ಶಿಫ್ಟ್ ಅಂದೆ. ಟ್ರೈನಿಂಗ್ ಅಂದೆ. ನನ್ ಹತ್ರ ಇದ್ದ ಸುಳ್ಳೆಲ್ಲ ಖಾಲಿ ಆಗೋದೊ. ಈಗ ಊರಲ್ಲಿ ನಿಲ್ಲುಸ್ಬ್ಯಾಡ ಅಂತ ಡ್ರೈವರ್‌ಗೇ ಹೇಳ್ಬುಟ್ಟಿದ್ದೀವಿ. ಹೆಗಲು ಕೊಟ್ಟು ಹೊತ್ತೋರು ನಾವು. ಆ ಕೂಸಿನ ಮುಂದೆ ಕಳ್ಳರಂಗೆ ಓಡಾಡ್ತಾ ಇದ್ದೀವಿ, ನಿನ್ನಿಂದ!"

ಬೋರಲಿಂಗಯ್ಯ ಬಾಯಿ ತೆರೆಯುವಷ್ಟರಲ್ಲಿ ತಿರುವಿನಾಚೆ ಬ್ರೇಕಿನ ಕಿರುಚು ಕೇಳಿತು. ಉದ್ದನೆಯ ಕಿರುಚು. ಇಬ್ಬರೂ ಓಡಿದರು.

ರಸ್ತೆಯ ನಟ್ಟನಡುವೆ ಧನು ನಿಂತಿದ್ದಳು. ಬಸ್ಸಿನ ಮೂತಿಗೂ ಅವಳಿಗೂ ಒಂದು ಮಾರಿನ ಅಂತರವಿರಲಿಲ್ಲ. ಡ್ರೈವರ್ ಇಳಿದು ಕೂಗಾಡುತ್ತಿದ್ದ. "ಯಾರ್ದ್ರೀ ಈ ಮಗು? ಕೇಳೋರಿಲ್ವಾ? ಒಸಿ ತಡ ಆಗಿದ್ರೆ ನನ್ನ ಗತಿ ಏನ್ರೀ?"

ಮಗು ಅಳುತ್ತಿರಲಿಲ್ಲ. "ಬಸ್ಸು ನಿಲ್ತಾನೇ ಇಲ್ಲ. ಅದಕ್ಕೇ ಅಡ್ಡ ನಿಂತೆ," ಎಂದಳು.

ಬೋರಲಿಂಗಯ್ಯ ಕೈಯೆತ್ತಿದ. ಹೊಡೆದೇಬಿಡುತ್ತಿದ್ದ. ಆಗ ಅವಳು ಫ್ರಾಕಿನ ಜೇಬಿನಿಂದ ಒಂದು ಕಾರ್ಡನ್ನು ತೆಗೆದು ಮುಂದೆ ಹಿಡಿದಳು. ನೀಲಿ ದಾರದ ಕಂಪನಿ ಕಾರ್ಡು. ಅದರ ಮೇಲೆ ಮನೋಹರನ ಮುಖ.

"ಹೊಡಿ ತಾತ. ತಪ್ಪು ನಂದೇ. ಅಪ್ಪ ಡ್ಯೂಟಿಗೆ ಹೋಗ್ಬಾರ್ದು ಅಂತ ಆವತ್ತು ನಾನೇ ಇದನ್ನ ಬಚ್ಚಿಟ್ಟಿದ್ದೆ. ಕಾರ್ಡಿಲ್ದಿದ್ರೆ ಗೇಟಲ್ಲಿ ಬುಡಲ್ಲ ಅಂತ ಅಪ್ಪ ಬೈದು ಹೋದ್ರು. ಕಾರ್ಡಿಲ್ಲ ಅಂತ ಈಗ ಆಚೆಗೇ ಬುಡ್ತಿಲ್ಲ ಅಲ್ವಾ? ಅನಂತು ಚಿಕ್ಕಪ್ಪ ತಗೊಂಡೋಗಿ ಅಪ್ಪಂಗೆ ಕೊಡ್ಲಿ ಅಂದ್ರೆ ಬಸ್ಸೇ ನಿಲ್ತಿಲ್ಲ."

ಎತ್ತಿದ ಕೈ ಇಳಿಯಿತು. ತಾನು ಮುಚ್ಚಿಟ್ಟದ್ದು ಮಗುವನ್ನು ಕಾಯುವ ಬೇಲಿ ಎಂದು ಅವನು ನಂಬಿದ್ದ. ಆ ಬೇಲಿಯ ಒಳಗೆ ಆರು ವರ್ಷದ ಜೀವ ಅಪ್ಪನನ್ನು ಸೆರೆಗೆ ಹಾಕಿದ ಅಪರಾಧವನ್ನು ಒಂಟಿಯಾಗಿ ಹೊತ್ತು ತಿರುಗಿತ್ತು.

ಬೋರಲಿಂಗಯ್ಯ ರಸ್ತೆಯ ಅಂಚಿನ ಮಣ್ಣಿನಲ್ಲೇ ಕುಳಿತ. ಮಗುವನ್ನು ಎಳೆದು ಕೂರಿಸಿಕೊಂಡ. ಹಾಲಿನ ತಂಬಿಗೆಯನ್ನು ಎಲ್ಲೋ ಬಿಟ್ಟು ಲತಾಮಣಿಯೂ ಓಡಿಬಂದಳು. ಅವನು ಮಗುವಿನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಮಗಾ," ಎಂದ ಕಡೆಗೆ, "ಆ ಜಾಂಬುಗೆ ಅವರವ್ವ ಏನ್ ಹೇಳ್ತು?"

ಧನು ಪಾಠ ಒಪ್ಪಿಸುವಂತೆ ಹೇಳಿದಳು: "ಮುಳ್ಳಜ್ಜ ಸತ್ತೋದ್ರು. ಉಸಿರು ನಿಂತೋಯ್ತು. ಅವರಿಗೀಗ ಹಸಿವಿಲ್ಲ, ಚಳಿಯಿಲ್ಲ, ನೋವಿಲ್ಲ. ಇನ್ಯಾವತ್ತೂ ಬರಲ್ಲ. ನಿನ್ನಿಂದ ಆಗಿದ್ದಲ್ಲ ಕಂದಾ."

"ನಿಮ್ಮಪ್ಪನೂ ಸತ್ತೋದ ಮಗಾ." ಆ ಮಾತು ಅವನ ಗಂಟಲನ್ನು ಗೀರಿಕೊಂಡೇ ಬಂತು. "ಎದೆ ನೋವು ಬಂತು. ಉಸಿರು ನಿಂತೋಯ್ತು. ಕಾರ್ಡಿಂದ ಅಲ್ಲ. ನಿನ್ನಿಂದ ಅಲ್ಲ. ಗೇಟಲ್ಲೂ ಇಲ್ಲ, ಬಿಡದೀಲೂ ಇಲ್ಲ. ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ವಿ. ಇನ್ಯಾವತ್ತೂ ಬರಲ್ಲ. ಡ್ಯೂಟಿ ಅಂತ ನಿನಗೆ ಸುಳ್ಳು ಹೇಳ್ದೋನು ನಾನು."

ಲತಾಮಣಿ ನೆಲಕ್ಕೆ ಕುಸಿದು, ಬಾಯ್ತುಂಬ, ಊರು ಕೇಳುವಂತೆ ಅತ್ತಳು. ಧನು ತಾಯಿಯನ್ನು ದಿಟ್ಟಿಸಿದಳು. ಆಮೇಲೆ ತಾತನ ಕಡೆ ತಿರುಗಿ ಎರಡೂ ಮುಷ್ಟಿಗಳಿಂದ ಅವನ ಎದೆಗೆ ಗುದ್ದತೊಡಗಿದಳು. "ಸುಳ್ಳ! ನೀನು ಸುಳ್ಳ! ಚಿಕ್ಕಪ್ಪನೂ ಸುಳ್ಳ! ಎಲ್ರೂ ಸುಳ್ಳರು!" ಗುದ್ದುಗುದ್ದಿಗೂ ಅಳು ಒಡೆಯಿತು. ಬೋರಲಿಂಗಯ್ಯ ಕೈ ಅಡ್ಡ ತರಲಿಲ್ಲ. ಬೇಸಿಗೆಯಿಂದ ಬಿಗಿಹಿಡಿದದ್ದೆಲ್ಲ ಅವನ ಕಣ್ಣಿಂದಲೂ ಇಳಿಯಿತು. ರಸ್ತೆಯಲ್ಲಿ ಬಸ್ಸು ನಿಂತೇ ಇತ್ತು. ಯಾರೂ ಹಾರ್ನ್ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಮೊಮ್ಮಗಳನ್ನೂ ಸೊಸೆಯನ್ನೂ ಹೊಲಕ್ಕೆ ಕರೆದೊಯ್ದ. ದಿಬ್ಬದ ಮುಂದೆ ನಿಂತು ಧನು ಕೇಳಿದಳು: "ಹಾವು ಎಲ್ಲಿ?"

"ಇಲ್ಲ ಮಗಾ. ಅದೂ ಸುಳ್ಳೇ."

"ಮಳೆ ಬಂದ್ರೆ ಅಪ್ಪ ನೆನೆಯಲ್ವಾ?"

"ಇಲ್ಲ ಕಣವ್ವ. ನೆನೆಯೋರು ನಾವೇ."

ಅವಳು ತಾತನನ್ನು ಅಷ್ಟು ಬೇಗ ಕ್ಷಮಿಸಲಿಲ್ಲ. ಅವನ ತಟ್ಟೆಯ ಪಕ್ಕದಲ್ಲಿ ಕೂರದೆ ಅಮ್ಮನ ಪಕ್ಕದಲ್ಲಿ ಕೂತಳು. ಆದರೆ ಮುದ್ದೆಯನ್ನು ಪೂರಾ ತಿಂದಳು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದಳು. ಹಾಗೆ ಕೇಳುತ್ತಾಳೆ, ಬೇಸರಪಡದೆ ಅದೇ ಉತ್ತರ ಕೊಡಿ ಎಂದು, ಬಿಟ್ಟುಬಂದ ಮಾತ್ರೆಗೆ ಅವನು ಮತ್ತೆ ಹೋದಾಗ ಆಯಿಷಾ ಹೇಳಿದ್ದಳು. ಬೋರಲಿಂಗಯ್ಯ ಕೊಡುತ್ತ ಬಂದ. ಒಮ್ಮೊಮ್ಮೆ ಅವಳು ಅಪ್ಪನ ಮೇಲೂ ರೇಗುತ್ತಿದ್ದಳು. "ರೇಗ್ಲಿ ಬುಡವ್ವ, ನನಗೂ ಅವನ ಮೇಲೆ ಸಿಟ್ಟೈತೆ," ಎಂದು ಅವನು ಸೊಸೆಗೆ ಹೇಳಿದ.

ಇದನ್ನು ಓದುತ್ತಿರುವ ತಾಯಂದಿರೇ, ಮನೆಯ ಹಿರಿಯರೇ, ಸಂಘದಲ್ಲಿ ಕುಳಿತು ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಹೀಗೊಂದು 'ಡ್ಯೂಟಿ' ನಡೆಯುತ್ತಿದೆಯೇ? ಇಂದೇ ನಿಲ್ಲಿಸಿ. ಸತ್ತವರನ್ನು ಸತ್ತರೆಂದೇ ಹೇಳಿ. ಅದು ನಿನ್ನ ತಪ್ಪಲ್ಲ ಎಂಬ ಮಾತನ್ನು ಮಗು ಕೇಳುವ ಮೊದಲೇ ಹೇಳಿ. ಫೋಟೋವನ್ನು ಗೋಡೆಯ ಮೇಲೆಯೇ ಬಿಡಿ. ಮಗುವಿನೆದುರು ಅಳಲು ನಾಚಬೇಡಿ. ಸಾವಿನ ಕಥೆಯೊಂದು ಟೀವಿಯಲ್ಲಿ ಬಂದರೆ ವೈರು ಕೀಳದೆ ಪಕ್ಕದಲ್ಲಿ ಕುಳಿತು ನೋಡಿ. ಮಗು ಕೇಳಲಾಗದ ಪ್ರಶ್ನೆಯನ್ನು ಆ ಕಥೆ ಕೇಳುತ್ತಿರಬಹುದು. ಊಟ, ನಿದ್ದೆ, ಆಟ ಬಿಟ್ಟ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ಇಲ್ಲವೇ 14416ಕ್ಕೆ ಉಚಿತವಾಗಿ ಕರೆ ಮಾಡಿ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ.

ಎಳೆಯ ಮಗು, ಅದಕ್ಕೇನು ತಿಳಿಯುತ್ತದೆ ಎನ್ನುವವರು ಒಮ್ಮೆ ಅದರ ಮುಖವನ್ನು ನೋಡಿ. ತಿಳಿಯದೆ ಇರುವುದು ನಮಗೆ. ನೀವು ಹೇಳದೆ ಬಿಟ್ಟ ಜಾಗವನ್ನು ಮಗು ಖಾಲಿ ಬಿಡುವುದಿಲ್ಲ. ತನ್ನದಲ್ಲದ ತಪ್ಪನ್ನು ತಂದು ಅಲ್ಲಿ ಕೂರಿಸುತ್ತದೆ. ಏಳಿ. ಮಗು ಎಲ್ಲಿದೆಯೋ ಅಲ್ಲಿಗೆ ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಗಂಟಲು ಗೀರಿದರೂ ಸರಿಯೇ, ಆ ಮಾತು ನಿಮ್ಮ ಬಾಯಿಂದಲೇ ಬರಲಿ.