ಹೊಳಿ ದಂಡಿ ಜೀಪಿನ ಸೈರನ್

ಬೀರವ್ವ ಹೊಳಿ ಪಾಲಾಗಿ ಹನ್ನೊಂದನೇ ದಿನಕ್ಕ ಆ ಜೀಪು ಮುಂಡರಗಿಯೊಳಗ ಹೊನ್ನೇಶನ ಗಾಡಿ ವೈರಿಂಗ್ ಅಂಗಡಿ ಮುಂದ ಬಂದು ನಿಂತಿತು. ಮ್ಯಾಲಿನ ಡ್ಯಾಮಿನಿಂದ ನೀರು ಬಿಡೂಕಿಂತ ಮೊದಲ ತುಂಗಭದ್ರೆ ದಂಡಿಗುಂಟ ಸೈರನ್ ಒದರಿಸ್ಕೋತ ಹೋಗೋ ಜೀಪು ಅದು. ಆ ಸಪ್ಪಳ ಕೇಳಿದ ಕೂಡ್ಲೆ ಅರಬಿ ಒಗಿಯೋ ಹೆಣ್ಮಕ್ಕಳು, ಎಮ್ಮಿ ಮೈ ತೊಳಿಯೋರು, ಬಲಿ ಬೀಸೋರು ಎಲ್ಲಾರೂ ಕೈಯಾಗಿನ ಕೆಲಸಾ ಬಿಟ್ಟು ದಂಡಿ ಹತ್ತಬೇಕು. ಅವತ್ತ ಬಸರಿಕಟ್ಟಿ ಊರಿನ ಹೊಳಿ ಮೆಟ್ಟಲದಾಗ ಅರಬಿ ಒಗಿಯಾಕತ್ತಿದ್ದ ಬೀರವ್ವ ಹತ್ತಲಿಲ್ಲ. ಮರುದಿನ ಹೆಣಾ ಸಿಕ್ಕಿದ್ದು ಎರಡು ಊರು ದಾಟಿ ಕೆಳಗ.

ಡ್ರೈವರ್ ಕುಬೇರಪ್ಪ ಇಳದು ಬಾಗಲಾ ಹಾಕಿದ. "ಸೈರನ್ನೂ ವೈರ್‌ಲೆಸ್ಸೂ ಎರಡೂ ನೋಡಿ, ಛಲೋ ಅದಾವು ಅಂತ ಒಂದು ಚೀಟಿ ಬರದು ಸಹಿ ಹಾಕಿ ಕೊಡಪಾ. ಸಂಜಿಯೊಳಗ ಮುಟ್ಟಸು ಅಂದಾರ ಸಾಹೇಬ್ರು," ಅಂದ. ಯಾವಾಗ್ಲೂ ಚೀರೇ ಮಾತಾಡೋ ಮನಷ್ಯಾ. ಎದುರಿನ ಚಾದಂಗಡಿಯಾಗ ಕುಂತವರೆಲ್ಲಾ ತಿರುಗಿ ನೋಡಿದ್ರು. "ಕೂಡಿಸಿದಾವ ನೀನ ಅಲ್ಲಾ, ನಿನ್ನ ಕೈಯಾಗಿನ ಚೀಟೀನ ಬೇಕಂತ."

ಹೌದು, ಮೂರು ತಿಂಗಳ ಹಿಂದ ಕೂಡಿಸಿದಾವ ಹೊನ್ನೇಶನ. ಟೆಸ್ಟ್ ಬಲ್ಬ್ ತಗೊಂಡು ಬಾನೆಟ್ ಎತ್ತಿದ. ಬ್ಯಾಟರಿ ಛಲೋ. ಫ್ಯೂಸು ಛಲೋ. ಅರ್ಥ್ ವೈರು ಗಟ್ಟಿ. ಸ್ವಿಚ್ ಒತ್ತಿದ್ರ ಸೈರನ್ನು ಓಣಿಗೆ ಓಣೀನ ಎದ್ದು ಕೂಡೂವಂಗ ಒದರಿತು. ಚಾದಂಗಡಿಯಾವ ಒಂದೆರಡು ಬೈಗುಳಾ ಒಗದ. ಅದನ್ನ ಬಂದ್ ಮಾಡಿ ವೈರ್‌ಲೆಸ್ ಹಚ್ಚಿದ, ಆಫೀಸಿನ ದನಿ ಸ್ವಚ್ಛ ಬಂತು. ಬ್ಯಾರೆ ಬ್ಯಾರೆ ನೋಡಿದ್ರ ಎರಡಕ್ಕೂ ಏನೂ ರೋಗ ಇಲ್ಲ. ಇನ್ನ ಎರಡನ್ನೂ ಕೂಡಿಸಿ ನೋಡೂದಷ್ಟ ಉಳಿದಿತ್ತು, ಅದಕ್ಕ ಅವನ ಕೈ ಏಳವಲ್ದು. ಅಲ್ಲಿ ಏನೈತಿ ಅನ್ನೂದು ಈ ಭೂಮಿ ಮ್ಯಾಲೆ ಇಬ್ಬರಿಗಷ್ಟ ಗೊತ್ತಿತ್ತು.

ಕೂಡಿಸೂ ದಿನ ಕುಬೇರಪ್ಪ ಅವನ್ನ ಬಾಜೂಕ ಕರದು, ಅವತ್ತೊಂದಿನ ಮಾತ್ರ ಸಣ್ಣ ದನೀಲೆ ಹೇಳಿದ್ದ: "ಕಿವಿ ಮಂದ ಆಗ್ಯಾವೋ ಹೊನ್ಯಾ. ಸೈರನ್ ಒದರೂಮುಂದ ವೈರ್‌ಲೆಸ್ಸಿನ್ಯಾಗ ಏನಂತಾರ ಒಂದೂ ತಿಳಿಯಂಗಿಲ್ಲ. ಸಾಹೇಬ್ರಿಗೆ ಖಬರ ಆದ್ರ ಜೀಪ್ ಇಳಸಿಬಿಡ್ತಾರ. ಇನ್ನ ಆರು ತಿಂಗಳಿಗೆ ರಿಟೈರು. ಏನರ ಮಾಡು." ಏನರ ಮಾಡೂದೇನು, ಹೊನ್ನೇಶ ಒಂದು ವೈರು ಎಳದ. ವೈರ್‌ಲೆಸ್ಸಿನ ಮೈಕು ಕೊಂಡಿಗೆ ಜೋತುಬಿದ್ದಿದ್ರ ಸೈರನ್ ಒದರಬೇಕು. ಮಾತಾಡಾಕ ಮೈಕು ತಗದ್ರ ಸುಮ್ಮನಾಗಬೇಕು. ತಿರುಗಿ ಸಿಗಿಸಿದ್ರ ಮತ್ತ ಒದರಬೇಕು. ಆಫೀಸಿಗೆ ಹೇಳಲಿಲ್ಲ, ಯಾವ ಕಾಗದದಾಗೂ ಬರೀಲಿಲ್ಲ. ಅಂಗಡಿ ತಗದಾಗ ಮೊದಲನೇ ಗಾಡಿ ತಂದು ನಿಲ್ಲಿಸಿದಾವ ಕುಬೇರಪ್ಪ, ಅಪ್ಪ ಸತ್ತಾಗ ಹೆಗಲು ಕೊಟ್ಟಾವ ಕುಬೇರಪ್ಪ. ಅಂಥಾವ ಕೈಹಿಡದು ಕೇಳಿದ್ರ ಒಂದು ವೈರು ದೊಡ್ಡದೇನು ಅಂತ ಮಾಡಿಕೊಟ್ಟಿದ್ದ.

ಈಗ ಹೊನ್ನೇಶ ಮುದುಕನ ಕಿವಿ ಹತ್ರ ಬಾಯಿಟ್ಟು ಕೇಳಿದ, "ಕಾಕಾ, ಅವತ್ತ ಬಸರಿಕಟ್ಟಿ ಹತ್ರ ವೈರ್‌ಲೆಸ್ ಬಂದಿತ್ತೇನು?"

"ಬಂದಿತ್ತು. ಎಲ್ಲಿ ಅದಿ ಅಂದ್ರು, ಹೇಳಿದೆ."

"ಆಮ್ಯಾಲೆ ಮೈಕು ಕೊಂಡಿಗೆ ಸಿಗಿಸಿದೇನು?"

ಮುದುಕ ಹಣಿ ತಿಕ್ಕಿಕೊಂಡ. "ತೊಡಿ ಮ್ಯಾಲೆ ಇಟ್ಕೊಂಡಿದ್ದೆ ಕಾಣಸ್ತೈತಿ. ಅಲ್ಲಿ ದಾರಿ ಕೆಟ್ಟೈತಿ, ಎರಡೂ ಕೈ ಬೇಕು. ಊರು ದಾಟಿದ ಮ್ಯಾಲೆ ಸಿಗಿಸಿದೆ. ಆದ್ರ ಸೈರನ್ ನಿಂತಿದ್ದಿಲ್ಲೋ. ಈ ಕಿವೀಲೆ ಕೇಳೇನಿ, ಬೀರದೇವರ ಆಣಿ."

ಕುಬೇರಪ್ಪ ದೇವರ ಮ್ಯಾಲೆ ಸುಳ್ಳ ಆಣಿ ಮಾಡೋ ಪೈಕಿ ಅಲ್ಲ. ಆದ್ರ ತಾನು ಎಳದ ವೈರೂ ಸುಳ್ಳ ಹೇಳಂಗಿಲ್ಲ. ಎಂಥಾ ಸಂಕಟಕ್ಕ ತಂದಿಟ್ಟಿಯೋ ಶಿವನ ಅಂತ ಹೊನ್ನೇಶ ಡ್ಯಾಶ್‌ಬೋರ್ಡಿನ ಕೆಳಗ ತಲಿ ಹಾಕಿದ. ಅಲ್ಲೇ ಇತ್ತು, ಹಳದಿ ವೈರು, ಅವನ ಕೈಲೆ ಸುತ್ತಿದ ಟೇಪು. ಪಕ್ಕಡ ತಗೊಂಡು ಒಂದ್ಸರ್ತೆ ಕಚ್ಚಿದ್ರ ಮುಗೀತು. ಆಮ್ಯಾಲೆ ಯಾವ ಇಂಜಿನಿಯರ್ ಬಂದು ನೋಡಿದ್ರೂ ಎಲ್ಲಾ ಛಲೋ. ಚೀಟಿ ಬರಿಯೂದು, ಸಹಿ ಹಾಕೂದು, ಮನಿಗೆ ಹೋಗಿ ಉಣ್ಣೂದು. ಪಕ್ಕಡದ ಬಾಯಾಗ ವೈರು ಹಿಡದೂ ಹಿಡದಿದ್ದ.

"ಅಣ್ಣಾರ..."

ಹೊರಗ ಒಂದು ಹುಡುಗಿ ನಿಂತಿತ್ತು. ಹದಿನೆಂಟು ತುಂಬಿರಬೇಕು. ಕಣ್ಣು ಒಣಗಿ ಕೆಂಪಾಗಿದ್ದವು.

"ನಾ ಸೌಂದರ್ಯಾ ರೀ. ಬೀರವ್ವನ ಮಗಳು. ಜೀಪು ಇಲ್ಲಿಗೆ ಬರತೈತಿ ಅಂತ ಕೇಳಿ ಬಸ್ ಹತ್ತಿ ಬಂದೆ. ಒಂದ ಮಾತು ಹೇಳ್ರಿ ಸಾಕು. ಅವತ್ತ ಸೈರನ್ ಒದರಿತ್ತೋ ಇಲ್ಲೋ?"

ಹೊನ್ನೇಶ ತಲಿ ಹೊರಗ ತಗದ. ಹುಡುಗಿ ಮಾತು ಮುಂದುವರಿಸಿತು. "ದಾರಿ ಜಾಲಿಗಿಡದ ಹಿಂದ ಐತ್ರಿ, ಜೀಪು ಕಾಣಂಗಿಲ್ಲ. ಹಂಗಾಗಿ ಅವ್ವ ನನ್ನ ದಂಡಿ ಮ್ಯಾಲೆ ಕುಂಡ್ರಿಸಿ, ಸೈರನ್ ಕೇಳಿದ್ರ ಕೂಗಲೇ ಅಂದಿದ್ಲು. ನಾ ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡಿದ್ದೆ. ಮ್ಯಾಲಿನ ಊರಾಗ ಕೇಳೇತಂತ, ಕೆಳಗಿನ ಊರಾಗೂ ಕೇಳೇತಂತ. ಮಂದಿ ಎಲ್ಲಾ, ನಿನ್ನ ಹಾಡಿಗೆ ಅವ್ವನ್ನ ಕೊಂದಿ ಅಂತಾರ. ಅಪ್ಪ ಇವತ್ತಿನತನಕ ನನ್ನ ಕೂಡ ಒಂದು ಮಾತಾಡಿಲ್ರಿ. ನಾ ಮುಂದಿಟ್ಟ ತಾಟು ದೂಡತಾನ."

ಹೊನ್ನೇಶ ಪಕ್ಕಡ ಕೆಳಗಿಟ್ಟ. ಅವನಿಗೂ ಮನ್ಯಾಗ ಒಂದು ಹೆಣ್ಣುಕೂಸು ಐತಿ. ಹಾಳ ನಾಲಿಗಿ, ಹೇಳೂದು ಇದ್ರ ಈಗ ಹೇಳು ಅಂತ ತನಗ ತಾನ ಬೈಕೊಂಡು ಹೊರಗ ಬಂದ.

"ತಂಗೀ, ತಪ್ಪು ನಿಂದಲ್ಲ, ನಂದು," ಅಂದು ಎಲ್ಲಾ ಹೇಳಿದ. ವೈರು ಹೇಳಿದ, ಮೈಕು ಹೇಳಿದ, ತೊಡಿ ಮ್ಯಾಲೆ ಇಟ್ಟಿದ್ದೂ ಹೇಳಿದ. "ನಿಮ್ಮೂರ ಹತ್ರ ಸೈರನ್ ಒದರಿಲ್ಲ. ಚೀಟ್ಯಾಗ ಇದನ್ನ ಬರಿತೇನಿ. ನಿಮ್ಮಪ್ಪನ ಮುಂದೂ ಬಂದು ಹೇಳತೇನಿ."

ಕುಬೇರಪ್ಪ ಇಬ್ಬರ ತುಟೀನೂ ನೋಡ್ಕೋತ ನಿಂತಿದ್ದ. ಅರ್ಧಾ ಮರ್ಧಾ ತಿಳಿದಿರಬೇಕು, ಸಿಟ್ಟಿಗೆ ಮಾರಿ ಕೆಂಪಾತು. "ಏನ್ ಒದರಿಲ್ಲ? ಯಾವಾವ ಅಂದಾವ? ನಾ ಗಾಡ್ಯಾಗ ಕುಂತಾವ, ನನಗ ಗೊತ್ತಿಲ್ಲೇನು? ಬಾರವ್ವಾ ಇಲ್ಲಿ, ಅವತ್ತ ಹೆಂಗ ಮಾಡಿದ್ನೋ ಹಂಗ ಮಾಡಿ ತೋರಸ್ತೇನಿ!"

ಹತ್ತಿ ಕುಂತ. ಸ್ವಿಚ್ ಒತ್ತಿದ. ಸೈರನ್ ಕಿವಿ ಕಿತ್ತು ಹೋಗೂವಂಗ ಎದ್ದಿತು, ಸೌಂದರ್ಯಾ ಎರಡು ಹೆಜ್ಜಿ ಹಿಂದ ಸರದ್ಲು. ಕುಬೇರಪ್ಪ ಮೈಕು ತಗದು ಬಾಯಿ ಹತ್ರ ಹಿಡದ. "ಬಸರಿಕಟ್ಟಿ ಹತ್ರ ಅದೇನಿ ಸರ್," ಅಂದ. ಮೈಕನ್ನ ತೊಡಿ ಮ್ಯಾಲೆ ಇಟ್ಕೊಂಡು ಎರಡೂ ಕೈಲೆ ಸ್ಟೇರಿಂಗ್ ಹಿಡದ.

ಮೈಕು ತಗದಾಗಿಂದ ಸೈರನ್ ಸತ್ತು ಬಿದ್ದಿತ್ತು. ಓಣಿ ಎಷ್ಟು ಸುಮ್ಮನಾಗಿತ್ತಂದ್ರ, ಎದುರಿನ ಚಾದಂಗಡಿಯಾಗ ಕಪ್ಪು ತೊಳಿಯೋ ಸಪ್ಪಳ ಕೇಳಸ್ತಿತ್ತು.

ಕುಬೇರಪ್ಪ ಮಾತ್ರ ಗೆದ್ದವರಂಗ ಹುಡುಗಿ ಕಡೆ ತಿರುಗಿ, ಕೊಳ್ಳಿನ ನರ ಉಬ್ಬೂವಂಗ ಚೀರಿದ: "ಕೇಳವ್ವಾ, ಕೇಳು! ಹಿಂಗ ಒದರಿತ್ತು ನೋಡು ಅವತ್ತ! ನಿಂತೈತೇನು? ಹೇಳು, ನಿಂತೈತೇನು?"

ಹೊನ್ನೇಶಗ ಈಗ ತಿಳೀತು. ಇಷ್ಟು ವರ್ಷ ಅದರ ಕೆಳಗ ಕುಂತು ಕುಂತು, ಆ ಸೈರನ್ನು ಈ ಮನಷ್ಯಾನ ತಲ್ಯಾಗ ಮನಿ ಮಾಡಿತ್ತು. ಅವ ಸುಳ್ಳು ಹೇಳಿದ್ದಿಲ್ಲ. ಖರೇನ ಕೇಳಿದ್ದ, ಈಗೂ ಕೇಳಾಕತ್ತಿದ್ದ.

ಸೌಂದರ್ಯಾ ಬಾಯಿಗೆ ಸೆರಗು ಒತ್ತಿಕೊಂಡ್ಲು. ಹನ್ನೊಂದು ದಿನ ಬರಲಾರದ ಅಳು ಈಗ ಬಂತು, ಯವ್ವಾ, ಯವ್ವಾ ಅಂತ ನಿಂತಲ್ಲೇ ಅತ್ಲು. ಆಮ್ಯಾಲೆ ಜೀಪಿನ ಹತ್ರ ಹೋಗಿ, ಮುದುಕನ ಕೈ ಮ್ಯಾಲೆ ಕೈ ಇಟ್ಟು, "ಒದರವಲ್ದು ಕಾಕಾ," ಅಂದ್ಲು.

"ಆಂ? ಜೋರಲೆ ಹೇಳವ್ವಾ," ಅಂದ ಕುಬೇರಪ್ಪ. "ಈ ಸೈರನ್ ಸಪ್ಪಳದಾಗ ಏನೂ ಕೇಳವಲ್ದು."